ಹೈಸ್ಕೂಲ್ ಕುಸ್ತಿಯಿಂದ ಕಾಲೇಜು ತಂಡಕ್ಕೆ: ನ್ಯೂಜೆರ್ಸಿಯಲ್ಲಿ ಸ್ಥಳೀಯ ಹುಡುಗರ ಆಯ್ಕೆ ಹೇಗೆ ನಡೆಯುತ್ತದೆ?

ಮಿಡ್ಲ್‌ಸೆಕ್ಸ್ ತಂದೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ಮಧ್ಯ ನ್ಯೂಜೆರ್ಸಿಯ ಮಿಡ್ಲ್‌ಸೆಕ್ಸ್ ಕೌಂಟಿಯಲ್ಲಿ ಹಲವು ವರ್ಷಗಳಿಂದ ನೆಲೆಸಿರುವ ಕುಟುಂಬ ನಮ್ಮದು. ಮಗ ಹನ್ನೊಂದನೇ ತರಗತಿಯಲ್ಲಿದ್ದಾನೆ. ಊರಿನ ಸರ್ಕಾರಿ ಹೈಸ್ಕೂಲಿನ ತಂಡದಲ್ಲಿ 132 ಪೌಂಡ್ ವಿಭಾಗದಲ್ಲಿ ಕುಸ್ತಿ ಆಡುತ್ತಾನೆ. ಡಿಸ್ಟ್ರಿಕ್ಟ್ ಹಂತ ದಾಟಿ ರೀಜನ್‌ವರೆಗೆ ಹೋಗಿದ್ದಾನೆ, ಆದರೆ ಅಟ್ಲಾಂಟಿಕ್ ಸಿಟಿಯ ಬೋರ್ಡ್‌ವಾಕ್ ಹಾಲಿನಲ್ಲಿ ನಡೆಯುವ ರಾಜ್ಯ ಪಂದ್ಯಾವಳಿಗೆ ಇನ್ನೂ ಅರ್ಹತೆ ಪಡೆದಿಲ್ಲ. ಓದಿನಲ್ಲಿ ಮುಂದಿದ್ದಾನೆ, ಎಂಜಿನಿಯರಿಂಗ್ ಮಾಡಬೇಕೆಂಬ ಇಚ್ಛೆಯಿದೆ. ಜೊತೆಗೆ ಕಾಲೇಜಿನಲ್ಲಿಯೂ ಕುಸ್ತಿ ಬಿಡುವುದಿಲ್ಲವೆಂದು ಹಟ ಹಿಡಿದಿದ್ದಾನೆ.

ಮೈಸೂರಿನ ಗರಡಿಗಳ ಸುದ್ದಿ ಕೇಳುತ್ತ ಬೆಳೆದ ನನಗೆ, ಹುಡುಗನೊಬ್ಬನನ್ನು ಉಸ್ತಾದರು ಹೇಗೆ ಗುರುತಿಸಿ ಪಳಗಿಸುತ್ತಿದ್ದರು ಎಂಬುದು ಅಷ್ಟಿಷ್ಟು ಗೊತ್ತು. ಇಲ್ಲಿನ ಕ್ರಮ ಮಾತ್ರ ಅರ್ಥವಾಗುತ್ತಿಲ್ಲ. ರಟ್ಗರ್ಸ್ ವಿಶ್ವವಿದ್ಯಾಲಯ ನಮ್ಮ ಮನೆಗೆ ಹತ್ತಿರ, ಪ್ರಿನ್ಸ್‌ಟನ್ ಮತ್ತು ರೈಡರ್ ಕೂಡ ದೂರವಿಲ್ಲ. ಮೂರಕ್ಕೂ ಡಿವಿಷನ್ 1, ಅಂದರೆ ಕಾಲೇಜು ಕ್ರೀಡೆಯ ಅತ್ಯುನ್ನತ ಹಂತದ, ಕುಸ್ತಿ ತಂಡಗಳಿವೆ. ಸುತ್ತಮುತ್ತಲ ಹುಡುಗರ ಮೇಲೆ ಈ ಕೋಚ್‌ಗಳ ಕಣ್ಣು ತಾನಾಗಿಯೇ ಬೀಳುತ್ತದೆಯೇ, ಇಲ್ಲವೇ ನಾವೇ ಮುಂದಾಗಿ ಬರೆದುಕೊಳ್ಳಬೇಕೇ? ಬರೆಯುವುದಾದರೆ ಯಾವಾಗ, ಬರೆಯಬೇಕಾದವರು ತಂದೆ ತಾಯಿಯೇ ಅಥವಾ ಹುಡುಗನೇ? ವಿಡಿಯೊ, ಅಂಕಪಟ್ಟಿ ಮುಂತಾದವನ್ನು ನೂರಾರು ಕಾಲೇಜುಗಳಿಗೆ ತಲುಪಿಸುತ್ತೇವೆಂದು ಹೇಳಿ ದೊಡ್ಡ ಶುಲ್ಕ ಕೇಳುವ ಸಂಸ್ಥೆಗಳು ಪದೇ ಪದೇ ಕರೆ ಮಾಡುತ್ತಿವೆ. ಅವುಗಳಿಗೆ ಹಣ ಕೊಡುವುದು ಯೋಗ್ಯವೇ?

ಒಟ್ಟಾರೆ, ‘ಸ್ಥಳೀಯ ಹುಡುಗ’ ಎಂಬ ಮಾತಿಗೆ ಈ ಆಯ್ಕೆಯಲ್ಲಿ ನಿಜವಾದ ತೂಕವಿದೆಯೇ, ಅಥವಾ ಅದು ಪತ್ರಿಕಾ ಪ್ರಕಟಣೆಗಳಿಗಷ್ಟೇ ಸೀಮಿತವೇ ಎಂದು ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಕ್ಲಬ್ ಕೋಚ್, ಮನ್ಮತ್ ಕೌಂಟಿ

ನಮಸ್ಕಾರ ಸರ್. ನಮ್ಮ ಊರಿನ ಮಕ್ಕಳ ಕುಸ್ತಿ ಕ್ಲಬ್ಬಿನಲ್ಲಿ ನಾನು ಸ್ವಯಂಸೇವಕ ಕೋಚ್. ಅಲ್ಲಿಂದ ಹೊರಟ ಹುಡುಗರು ಬೇರೆಬೇರೆ ಹಂತದ ಕಾಲೇಜು ತಂಡಗಳನ್ನು ಸೇರಿರುವುದರಿಂದ ಈ ವ್ಯವಹಾರವನ್ನು ಸಾಕಷ್ಟು ಹತ್ತಿರದಿಂದ ನೋಡಿದ್ದೇನೆ.

ಸ್ಥಳೀಯ ಹುಡುಗನಿಗೆ ಬೆಲೆ ಇದೆ ಎಂಬುದಕ್ಕೆ ನಿಮ್ಮ ಮನೆಯ ಪಕ್ಕದ ರಟ್ಗರ್ಸ್‌ಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 2007ರಲ್ಲಿ ಆ ವಿಶ್ವವಿದ್ಯಾಲಯ ಮುಖ್ಯ ಕೋಚ್ ಹುದ್ದೆಗೆ ಆರಿಸಿಕೊಂಡದ್ದು ಇದೇ ರಾಜ್ಯದ ಜಾಕ್ಸನ್ ಮೆಮೋರಿಯಲ್ ಹೈಸ್ಕೂಲಿನ ಕೋಚ್ ಆಗಿದ್ದ ಸ್ಕಾಟ್ ಗುಡೇಲ್ ಅವರನ್ನು. ಹೈಸ್ಕೂಲ್ ಕೋಚ್ ಒಬ್ಬರ ಕೈಗೆ ನೇರವಾಗಿ ಡಿವಿಷನ್ 1 ತಂಡವನ್ನು ಒಪ್ಪಿಸುವುದು ಸಾಮಾನ್ಯ ಸಂಗತಿಯಲ್ಲ. ಆದರೆ ರಾಜ್ಯದ ಹೈಸ್ಕೂಲ್ ಕೋಚ್‌ಗಳ ಬಳಗ ಅವರದೇ ಬಳಗವಾಗಿತ್ತು, ಮತ್ತು ನ್ಯೂಜೆರ್ಸಿಯ ಒಳ್ಳೆಯ ಹುಡುಗರು ಹೊರರಾಜ್ಯಗಳಿಗೆ ಹೋಗಿ ಹೆಸರು ಮಾಡುತ್ತಿದ್ದ ಕಾಲದಲ್ಲಿ ಆ ಪರಿಚಯವೇ ವಿಶ್ವವಿದ್ಯಾಲಯಕ್ಕೆ ಬೇಕಾಗಿದ್ದ ಬಂಡವಾಳ. ಅದರ ಫಲ ಕಾಣಲು ಹನ್ನೆರಡು ವರ್ಷ ಹಿಡಿಯಿತು: 2019ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಡೆದ ರಾಷ್ಟ್ರೀಯ ಪಂದ್ಯಾವಳಿಯಲ್ಲಿ 149 ಪೌಂಡ್ ವಿಭಾಗದಲ್ಲಿ ಆಂಥನಿ ಆಶ್ನಾಲ್ಟ್, 133ರಲ್ಲಿ ನಿಕ್ ಸೂರಿಯಾನೋ ಗೆದ್ದು, ರಟ್ಗರ್ಸ್ ಇತಿಹಾಸದ ಮೊದಲ ರಾಷ್ಟ್ರೀಯ ಚಾಂಪಿಯನ್ನರಾದರು. ಆಶ್ನಾಲ್ಟ್ ನಿಮ್ಮದೇ ಕೌಂಟಿಯ ಸೌತ್ ಪ್ಲೇನ್‌ಫೀಲ್ಡ್ ಹೈಸ್ಕೂಲಿನವರು, ಸೂರಿಯಾನೋ ಬರ್ಗನ್ ಕ್ಯಾಥೊಲಿಕ್ ಶಾಲೆಯವರು. ಇಬ್ಬರೂ ಹೈಸ್ಕೂಲಿನಲ್ಲಿ ನಾಲ್ಕು ಸಲ ರಾಜ್ಯ ಚಾಂಪಿಯನ್ನರು.

ಇವರಲ್ಲಿ ಸೂರಿಯಾನೋ ಮೊದಲು ಸೇರಿದ್ದು ಪೆನ್ ಸ್ಟೇಟ್ ತಂಡವನ್ನು ಎಂಬುದನ್ನು ಗಮನಿಸಿ. ಒಂದು ವರ್ಷದ ಬಳಿಕ ಊರಿಗೆ ಮರಳಿ ರಟ್ಗರ್ಸ್ ಸೇರಿದರು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪೋರ್ಟೊ ರಿಕೊ ಪರವಾಗಿ ಕಂಚು ಗೆದ್ದ ಸೆಬಾಸ್ಟಿಯನ್ ರಿವೇರಾ ಕೂಡ ಹೀಗೆಯೇ ನಾರ್ತ್‌ವೆಸ್ಟರ್ನ್‌ಗೆ ಹೋಗಿ ಹಿಂದಿರುಗಿದವರು. ಆದ್ದರಿಂದ ಸ್ಥಳೀಯ ಕೋಚ್‌ಗಳು ತಮ್ಮ ಕೈತಪ್ಪಿ ಹೋದ ಹುಡುಗನೊಂದಿಗೂ ಅವನ ಹೈಸ್ಕೂಲ್ ಕೋಚ್‌ನೊಂದಿಗೂ ಸಂಬಂಧ ಕೆಡಿಸಿಕೊಳ್ಳುವುದಿಲ್ಲ.

ಕಣ್ಣು ಬೀಳುವುದು ಹೇಗೆ ಎಂದು ಕೇಳಿದ್ದೀರಿ. ಇಲ್ಲಿ ಹತ್ತಿರದಲ್ಲಿರುವುದರ ನಿಜವಾದ ಲಾಭ ಅಡಗಿದೆ. ದೊಡ್ಡ ತಂಡಗಳ ಜೊತೆಗೆ ಪ್ರಾದೇಶಿಕ ತರಬೇತಿ ಕೇಂದ್ರಗಳಿರುತ್ತವೆ, ಎಲ್ಲರೂ ಆರ್‌ಟಿಸಿ ಎನ್ನುತ್ತಾರೆ. ಅಯೋವಾದ ಹಾಕ್‌ಐ ರೆಸ್ಲಿಂಗ್ ಕ್ಲಬ್, ಪೆನ್ ಸ್ಟೇಟ್‌ನ ನಿಟ್ಟನಿ ಲಯನ್ ರೆಸ್ಲಿಂಗ್ ಕ್ಲಬ್ ಇಂಥವು. ಒಲಿಂಪಿಕ್ಸ್ ಕನಸಿನ ಹಿರಿಯ ಕುಸ್ತಿಪಟುಗಳಿಗಾಗಿ ಹುಟ್ಟಿಕೊಂಡ ಈ ವ್ಯವಸ್ಥೆಯಲ್ಲಿ ಅನೇಕ ಕಡೆ ಹೈಸ್ಕೂಲ್ ಹುಡುಗರಿಗೂ ಅಭ್ಯಾಸ ನಡೆಯುತ್ತದೆ. ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ನಿಯಮದ ಪ್ರಕಾರ, ಡಿವಿಷನ್ 1 ಕೋಚ್ ಒಬ್ಬರು ಸ್ಥಳೀಯ ಕ್ಲಬ್ಬಿನಲ್ಲಿ ತೊಡಗಿಕೊಳ್ಳಬೇಕಾದರೆ ಅಲ್ಲಿ ಕಲಿಯುವ ಹೈಸ್ಕೂಲ್ ಹುಡುಗರು ಆ ಕಾಲೇಜಿನಿಂದ 50 ಮೈಲಿಯೊಳಗಿನ ನಿವಾಸಿಗಳಾಗಿರಬೇಕು. ಓಹಾಯೊದ ಹುಡುಗನನ್ನು ರಟ್ಗರ್ಸ್ ಕೋಚ್ ವರ್ಷಕ್ಕೆ ಒಂದೆರಡು ಪಂದ್ಯಾವಳಿಗಳಲ್ಲಿ ನೋಡಬಹುದು. 50 ಮೈಲಿಯೊಳಗಿನವನು ಸೋತ ಮರುದಿನ ಅಭ್ಯಾಸಕ್ಕೆ ಬರುತ್ತಾನೋ ಇಲ್ಲವೋ, ತನಗಿಂತ ಬಲಶಾಲಿಯಾದ ಜೊತೆಗಾರನನ್ನು ತಾನೇ ಹುಡುಕುತ್ತಾನೋ ಅಥವಾ ಸುಲಭದವನ ಕಡೆ ಜಾರುತ್ತಾನೋ ಎಂಬುದನ್ನೆಲ್ಲ ವರ್ಷಗಟ್ಟಲೆ ನೋಡಲು ಸಾಧ್ಯ. ಬೇಸಿಗೆ ಶಿಬಿರಗಳಿಗೂ ಇದೇ ಮಾತು ಅನ್ವಯಿಸುತ್ತದೆ, ಆದರೆ ಶಿಬಿರವೆಂದರೆ ಕೋಚ್‌ಗಳಿಗೆ ಆದಾಯದ ಮೂಲವೂ ಹೌದು. ಶಿಬಿರಕ್ಕೆ ಕರೆದ ಪತ್ರ ಬಂದಿತೆಂದು ತಂಡಕ್ಕೇ ಕರೆ ಬಂದಂತೆ ಸಂಭ್ರಮಿಸುವ ಪೋಷಕರನ್ನು ಕಂಡು ನನಗೆ ಮರುಕವಾಗುತ್ತದೆ.

ಕಾಲದ ಲೆಕ್ಕ ಹೀಗಿದೆ: ಹತ್ತನೇ ತರಗತಿ ಮುಗಿದ ಬೇಸಿಗೆಯ ಜೂನ್ 15ರವರೆಗೆ ಡಿವಿಷನ್ 1 ಕೋಚ್ ಹುಡುಗನಿಗೆ ಖಾಸಗಿಯಾಗಿ ಪತ್ರ ಬರೆಯುವಂತಿಲ್ಲ, ಕರೆ ಮಾಡುವಂತಿಲ್ಲ, ಶಿಬಿರದ ಮಾಹಿತಿ, ಪ್ರಶ್ನಾವಳಿ ಕಳಿಸಬಹುದು ಅಷ್ಟೆ. ಹನ್ನೊಂದನೇ ತರಗತಿಗೆ ಮುನ್ನ ಬರುವ ಆಗಸ್ಟ್ 1ರಿಂದ ಅಧಿಕೃತ ಭೇಟಿಗೆ (ಕಾಲೇಜೇ ಖರ್ಚು ಭರಿಸುವ ಭೇಟಿ) ಆಹ್ವಾನಿಸಬಹುದು. ನಿಮ್ಮ ಮಗ ಎರಡೂ ದಿನಾಂಕಗಳನ್ನು ದಾಟಿದ್ದಾನೆ. ಆದ್ದರಿಂದ ಈಗಲೇ ಬರೆಯಲಿ, ಅವನೇ ಬರೆಯಲಿ. ತಂದೆ ಬರೆದ ಪತ್ರವನ್ನು ಓದುವಾಗ ಕೋಚ್‌ಗೆ ಮೊದಲು ಹುಟ್ಟುವ ಅನುಮಾನವೇ ಹುಡುಗನ ಆಸಕ್ತಿಯ ಬಗ್ಗೆ.

ಒಂದು ಕಠಿಣ ಮಾತನ್ನೂ ಹೇಳಬೇಕು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಶಾಲೆಗಳನ್ನು ಗಾತ್ರದ ಮೇಲೆ ಎರಡು ವರ್ಗಗಳಾಗಿ ವಿಂಗಡಿಸಿ ಎರಡು ರಾಜ್ಯ ಪ್ರಶಸ್ತಿಗಳನ್ನು ಕೊಡುತ್ತಾರೆ. ನಮ್ಮಲ್ಲಿ ಹಾಗಿಲ್ಲ, ಒಂದು ತೂಕಕ್ಕೆ ಒಬ್ಬನೇ ಚಾಂಪಿಯನ್. ಹೀಗಾಗಿ ಅಟ್ಲಾಂಟಿಕ್ ಸಿಟಿಯಲ್ಲಿ ಪದಕ ಪಡೆದವನಿಗೆ ದೇಶದಾದ್ಯಂತ ಮನ್ನಣೆಯಿದೆ. ರೀಜನ್‌ನಲ್ಲಿ ನಿಂತ ಹುಡುಗನನ್ನು ಬಿಗ್ ಟೆನ್ (ರಟ್ಗರ್ಸ್, ಪೆನ್ ಸ್ಟೇಟ್, ಅಯೋವಾ ಇರುವ ಕೂಟ) ತಂಡವೊಂದು ಹುಡುಕಿಕೊಂಡು ಬರುವುದು ಬಹಳ ಅಪರೂಪ. ಅವನಿಗೆ ಬೇರೆ ಬಾಗಿಲುಗಳಿವೆ, ಆ ಬಗ್ಗೆ ಬಲ್ಲವರು ಬರೆಯಲಿ.

ಶುಲ್ಕ ಕೇಳುವ ಸಂಸ್ಥೆಗಳಿಗೆ ಒಂದು ಡಾಲರನ್ನೂ ಕೊಡಬೇಡಿ. ಕೋಚ್‌ಗಳ ಇಮೇಲ್ ವಿಳಾಸಗಳು ಕಾಲೇಜುಗಳ ಜಾಲತಾಣದಲ್ಲಿ ಬಹಿರಂಗವಾಗಿವೆ. ನಿಮ್ಮ ಹೈಸ್ಕೂಲ್ ಕೋಚ್ ಮಾಡುವ ಒಂದು ಫೋನ್ ಕರೆ ಆ ಸಂಸ್ಥೆಗಳ ನೂರು ಪತ್ರಗಳಿಗಿಂತ ಮಿಗಿಲು.

ಲೀಹೈ ಕಣಿವೆಯ ನಿವಾಸಿ

ಕೋಚ್ ಅವರು ಬರೆದುದರಲ್ಲಿ ಬಹುಪಾಲನ್ನು ಒಪ್ಪುತ್ತೇನೆ. ಆದರೆ ರಟ್ಗರ್ಸ್ ಕಥೆ ಓದಿ ಎಲ್ಲ ಕಾಲೇಜುಗಳೂ ಹೀಗೆಯೇ ಎಂದು ಪ್ರಶ್ನೆ ಕೇಳಿದವರು ಭಾವಿಸಬಾರದು. ನಾನಿರುವುದು ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಬಳಿ. ನಜರೆತ್, ನಾರ್ಥಾಂಪ್ಟನ್, ಈಸ್ಟನ್, ಬೆತ್ಲೆಹೆಮ್ ಕ್ಯಾಥೊಲಿಕ್ ಎಂದು ಒಂದು ಕಣಿವೆಯಲ್ಲೇ ಇಷ್ಟು ಬಲಿಷ್ಠ ಹೈಸ್ಕೂಲ್ ತಂಡಗಳಿವೆ, ನಡುವೆ ಲೀಹೈ ವಿಶ್ವವಿದ್ಯಾಲಯವಿದೆ. ಆದರೂ ಇಲ್ಲಿನ ಉತ್ತಮರೆಲ್ಲರೂ ಲೀಹೈ ಸೇರುವುದಿಲ್ಲ. ಪಟ್ಟಿಯ ಮೇಲ್ತುದಿಯಲ್ಲಿರುವವರ ಮೇಲೆ ಪೆನ್ ಸ್ಟೇಟ್‌ನಿಂದ ಹಿಡಿದು ಅಯೋವಾವರೆಗೆ ಎಲ್ಲರ ಕಣ್ಣಿರುತ್ತದೆ. ಪೆನ್ಸಿಲ್ವೇನಿಯಾದ ಮರೀಸ್‌ವಿಲ್ ಹುಡುಗ ಸ್ಪೆನ್ಸರ್ ಲೀ ತನ್ನ ರಾಜ್ಯದ ಪೆನ್ ಸ್ಟೇಟ್ ಬಿಟ್ಟು ಅಯೋವಾಗೆ ಹೋಗಿ ಮೂರು ಸಲ ರಾಷ್ಟ್ರೀಯ ಚಾಂಪಿಯನ್ ಆದರು. ಅತ್ತ ಪೆನ್ ಸ್ಟೇಟ್ ತನ್ನ ಕೋಚ್ ಕೇಲ್ ಸ್ಯಾಂಡರ್ಸನ್ ಅಡಿಯಲ್ಲಿ 2011ರಿಂದ 2025ರವರೆಗೆ ಹನ್ನೆರಡು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದದ್ದು ಇಡೀ ದೇಶದಿಂದ ಹುಡುಗರನ್ನು ಆರಿಸಿಕೊಂಡು. ಅಲ್ಲಿನ ಮೊದಲ ದೊಡ್ಡ ಹೆಸರುಗಳಲ್ಲಿ ಒಬ್ಬರಾದ ಡೇವಿಡ್ ಟೇಲರ್ ಓಹಾಯೊದವರು.

ಇದಕ್ಕೆ ತದ್ವಿರುದ್ಧವಾದದ್ದು ಮಿನ್ನೆಸೋಟ. ಜೆ ರಾಬಿನ್ಸನ್ ಅಲ್ಲಿ 1986ರಿಂದ ಮೂರು ದಶಕ ಕೋಚ್ ಆಗಿದ್ದರು. 2001ರಲ್ಲಿ ಅವರ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ ಒಬ್ಬನೂ ವೈಯಕ್ತಿಕ ಚಾಂಪಿಯನ್ ಆಗಿರಲಿಲ್ಲ, ಆದರೆ ಹತ್ತೂ ತೂಕಗಳಲ್ಲಿ ಹತ್ತೂ ಜನ ಮೊದಲ ಎಂಟರೊಳಗೆ ಬಂದು ಆಲ್ ಅಮೆರಿಕನ್ ಎನಿಸಿಕೊಂಡಿದ್ದರು. ತಾರೆಗಳಿಗಿಂತ ಸಮತೂಕದ ತಂಡ ಮುಖ್ಯ ಎನ್ನುವ ಇಂಥ ಕಡೆಗಳಲ್ಲಿಯೇ ಸುತ್ತಮುತ್ತಲಿನ ಗಟ್ಟಿ ಹುಡುಗನಿಗೆ ಜಾಗ ಸಿಗುವುದು ಎಂಬುದು ನನ್ನ ಅಭಿಪ್ರಾಯ.

ಈಗ ಹಣದ ವಿಷಯ. ನನ್ನ ಪ್ರಕಾರ ಇಡೀ ಪ್ರಶ್ನೆಯ ತಿರುಳು ಇಲ್ಲಿದೆ. ಬಹುಕಾಲ ಡಿವಿಷನ್ 1 ಕುಸ್ತಿ ತಂಡವೊಂದಕ್ಕೆ ಇದ್ದ ವಿದ್ಯಾರ್ಥಿವೇತನದ ಮಿತಿ 9.9. ಹತ್ತು ತೂಕಗಳಿರುವ ಆಟದಲ್ಲಿ ಒಂದೊಂದು ತೂಕಕ್ಕೆ ಒಂದು ಪೂರ್ಣ ವೇತನವೂ ಬರದು, ಅದನ್ನೇ ಮೂವತ್ತು ಹುಡುಗರಿಗೆ ಹಂಚಬೇಕು. ಹಾಗಾಗಿ ಒಬ್ಬನಿಗೆ ಶೇಕಡ 60, ಇನ್ನೊಬ್ಬನಿಗೆ 25, ಮತ್ತೊಬ್ಬನಿಗೆ ಪುಸ್ತಕದ ಖರ್ಚು ಮಾತ್ರ ಎಂಬಂತೆ ಹರಿದು ಹಂಚುತ್ತಿದ್ದರು. ರಾಜ್ಯ ವಿಶ್ವವಿದ್ಯಾಲಯದಲ್ಲಿ ಹೊರರಾಜ್ಯದವರ ಶುಲ್ಕ ಬಹಳ ಹೆಚ್ಚು. ಕಾಲು ಭಾಗ ವೇತನ ಕೊಟ್ಟರೆ ಹೊರರಾಜ್ಯದ ಕುಟುಂಬಕ್ಕೆ ಉಳಿದ ಮೊತ್ತವೇ ಬೆಟ್ಟದಷ್ಟಿರುತ್ತದೆ, ಒಳರಾಜ್ಯದ ಕುಟುಂಬ ಹೇಗೋ ನಿಭಾಯಿಸುತ್ತದೆ. ಸ್ಥಳೀಯ ಹುಡುಗನನ್ನು ಕೋಚ್‌ಗಳು ಬಯಸುತ್ತಿದ್ದುದರ ಹಿಂದೆ ಊರಿನ ಅಭಿಮಾನಕ್ಕಿಂತ ಈ ಲೆಕ್ಕವೇ ಹೆಚ್ಚಾಗಿತ್ತು.

ಆ ಲೆಕ್ಕ ಈಗ ಬದಲಾಗಿದೆ. ಕಾಲೇಜು ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಹೌಸ್ ಪ್ರಕರಣದ ಒಪ್ಪಂದಕ್ಕೆ 2025ರ ಜೂನ್‌ನಲ್ಲಿ ನ್ಯಾಯಾಲಯದ ಅಂಗೀಕಾರ ದೊರೆತ ಮೇಲೆ, ಆ ಒಪ್ಪಂದಕ್ಕೆ ಸೇರಿದ ಕಾಲೇಜುಗಳಿಗೆ 9.9ರ ಮಿತಿ ಹೋಯಿತು, ಬದಲಿಗೆ ತಂಡದಲ್ಲಿ 30 ಜನರಿಗಿಂತ ಹೆಚ್ಚು ಇರಬಾರದೆಂಬ ಮಿತಿ ಬಂತು. ಮೂವತ್ತನ್ನು ಹತ್ತು ತೂಕಗಳಿಗೆ ಹಂಚಿದರೆ ತೂಕಕ್ಕೆ ಮೂವರು. ಒಬ್ಬೊಬ್ಬನೂ ನಾಲ್ಕೈದು ವರ್ಷ ಇರುತ್ತಾನೆಂದರೆ ವರ್ಷಕ್ಕೆ ಖಾಲಿಯಾಗುವುದು ಆರೇಳು ಜಾಗ. ಅದರಲ್ಲಿಯೂ ಒಂದೆರಡನ್ನು ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸುವ ಆಟಗಾರರ ಪಟ್ಟಿ) ಮೂಲಕ ಬರುವ, ಆಗಲೇ ಪಳಗಿದ ಇಪ್ಪತ್ತೊಂದು ವರ್ಷದ ಹುಡುಗರು ತೆಗೆದುಕೊಳ್ಳುತ್ತಾರೆ. ಮೊದಲು ವೇತನವಿಲ್ಲದೆ ತಂಡದೊಳಗೆ ಬಂದು, ಎರಡು ಮೂರು ವರ್ಷ ಬೆವರು ಸುರಿಸಿ, ಕೊನೆಗೆ ಮ್ಯಾಟ್ ಹತ್ತುತ್ತಿದ್ದ ಊರಿನ ಹುಡುಗರಿದ್ದರಲ್ಲ, ಈ ಬದಲಾವಣೆಯಲ್ಲಿ ಅತಿ ಹೆಚ್ಚು ಕಳೆದುಕೊಂಡವರು ಅವರು. ಕೋಚ್ ಅವರ 50 ಮೈಲಿಯ ಲಾಭ ನಿಜವಾದರೂ, ಅದು ಮೊದಲಿನಷ್ಟು ದೂರ ಕೊಂಡೊಯ್ಯುವುದಿಲ್ಲ.

ಮಿಡ್ಲ್‌ಸೆಕ್ಸ್ ತಂದೆ

ಇಬ್ಬರಿಗೂ ಕೃತಜ್ಞತೆಗಳು. ರಟ್ಗರ್ಸ್ ಎಂಬ ಆಸೆಯನ್ನು ಬದಿಗಿಟ್ಟು ಯೋಚಿಸಬೇಕೆಂದು ತೋರುತ್ತಿದೆ. ಹಾಗಾದರೆ ಡಿವಿಷನ್ 3 ಕಾಲೇಜುಗಳಲ್ಲಿ ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲವೆಂದು ಕೇಳಿದ್ದೇನೆ. ಹಣವಿಲ್ಲದ ಕಡೆ ಕೋಚ್‌ಗಳು ಯಾವ ಆಧಾರದ ಮೇಲೆ ಹುಡುಗರನ್ನು ಸೆಳೆಯುತ್ತಾರೆ? ಇನ್ನೊಂದು ವಿಷಯ: ನಾವು ಇನ್ನೂ ಎಚ್-1ಬಿ ವೀಸಾದಲ್ಲಿದ್ದೇವೆ, ಮಗ ಅವಲಂಬಿತರ ಎಚ್-4ರಲ್ಲಿದ್ದಾನೆ. ಇದು ಅಡ್ಡಿಯಾಗುತ್ತದೆಯೇ? ಕೊನೆಯದಾಗಿ, ಅವನು 132ರಲ್ಲೇ ಉಳಿಯಬೇಕೋ, ಮೇಲಿನ ತೂಕಕ್ಕೆ ಬೆಳೆಯಬೇಕೋ ಎಂಬ ಚರ್ಚೆ ಮನೆಯಲ್ಲಿ ದಿನವೂ ನಡೆಯುತ್ತಿದೆ.

ಹೊಬೊಕನ್ ಎಂಜಿನಿಯರ್

ನನ್ನ ತಂಗಿಯ ಮಗ ಡಿವಿಷನ್ 3 ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಓದುತ್ತಾ ಕುಸ್ತಿ ಆಡಿದವನು. ಅವನ ಅರ್ಜಿಗಳ ಕೆಲಸವನ್ನೆಲ್ಲ ನಾನೇ ನೋಡಿಕೊಂಡದ್ದರಿಂದ ಮೊದಲೆರಡು ಪ್ರಶ್ನೆಗಳಿಗೆ ಉತ್ತರಿಸಬಲ್ಲೆ.

ಡಿವಿಷನ್ 3ರಲ್ಲಿ ಕ್ರೀಡೆಗಾಗಿ ಹಣ ಕೊಡುವಂತಿಲ್ಲ ಎಂಬುದು ಸರಿ. ಆದರೆ ಓದಿನ ಅರ್ಹತೆಗೆ, ಕುಟುಂಬದ ಆದಾಯಕ್ಕೆ ಅನುಗುಣವಾಗಿ ಕಾಲೇಜು ಕೊಡುವ ನೆರವಿಗೆ ಅಡ್ಡಿಯಿಲ್ಲ. ಅನೇಕ ಸಲ ಅದು ಡಿವಿಷನ್ 1ರ ಕಾಲು ಭಾಗದ ಕ್ರೀಡಾ ವೇತನಕ್ಕಿಂತ ದೊಡ್ಡದಾಗಿರುತ್ತದೆ. ಅಂಥ ಕಡೆ ಕೋಚ್ ಕೈಯಲ್ಲಿರುವುದು ಪ್ರವೇಶ ವಿಭಾಗಕ್ಕೆ ಹೇಳುವ ಒಂದು ಮಾತು. ‘ಈ ಹುಡುಗ ನಮಗೆ ಬೇಕು’ ಎಂದು ಅವರು ಸೂಚಿಸಿದರೆ, ಅಂಕಗಳು ಆ ಕಾಲೇಜಿನ ಮಟ್ಟಕ್ಕೆ ಹತ್ತಿರವಿರುವ ಅರ್ಜಿಗೆ ಬಲ ಬರುತ್ತದೆ. ಬೇಸಿಗೆಯಲ್ಲಿಯೇ ಅಂಕಪಟ್ಟಿ ತರಿಸಿಕೊಂಡು ಪ್ರವೇಶ ವಿಭಾಗದಿಂದ ಮುಂಚಿತವಾಗಿ ಅಭಿಪ್ರಾಯ ಪಡೆಯುವ ರೂಢಿಯೂ ಇದೆ. ನಿಮ್ಮ ರಾಜ್ಯದಲ್ಲೇ ಹೊಬೊಕನ್‌ನ ಸ್ಟೀವೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಯೂಯಿಂಗ್‌ನ ದಿ ಕಾಲೇಜ್ ಆಫ್ ನ್ಯೂಜೆರ್ಸಿ ಇವೆ; ಎರಡರಲ್ಲೂ ಎಂಜಿನಿಯರಿಂಗ್ ಇದೆ, ಕುಸ್ತಿಯೂ ಇದೆ. ಓದಿನಲ್ಲಿ ಮುಂದಿರುವ, ರೀಜನ್ ಮಟ್ಟದ, ಮನೆಯಿಂದ ಒಂದು ಗಂಟೆ ದೂರದ ಹುಡುಗನೆಂದರೆ ಇಂಥ ಕೋಚ್‌ಗಳು ಹುಡುಕುವ ಹುಡುಗನೇ. ಇಲ್ಲಿ ನೀವು ಬರೆಯುವ ಪತ್ರಕ್ಕೆ ಉತ್ತರ ಬರುತ್ತದೆ.

ಪ್ರಿನ್ಸ್‌ಟನ್ ಬಗ್ಗೆಯೂ ಒಂದು ಮಾತು. ಐವಿ ಲೀಗ್ ಕಾಲೇಜುಗಳು ಡಿವಿಷನ್ 1ರಲ್ಲಿದ್ದರೂ ಕ್ರೀಡಾ ವೇತನ ಕೊಡುವುದಿಲ್ಲ, ಹೌಸ್ ಒಪ್ಪಂದಕ್ಕೂ ಸೇರಿಲ್ಲ, ಆದ್ದರಿಂದ ಮೂವತ್ತರ ಮಿತಿ ಅವರಿಗೆ ಅನ್ವಯಿಸದು. ಅವರೂ ಸ್ಥಳೀಯರನ್ನು ಬಿಟ್ಟುಕೊಡುವುದಿಲ್ಲ: 2023ರಲ್ಲಿ 125 ಪೌಂಡ್ ವಿಭಾಗದಲ್ಲಿ ಗೆದ್ದು, 1951ರ ನಂತರ ಪ್ರಿನ್ಸ್‌ಟನ್‌ಗೆ ಮೊದಲ ರಾಷ್ಟ್ರೀಯ ಪ್ರಶಸ್ತಿ ತಂದ ಪ್ಯಾಟ್ ಗ್ಲೋರಿ ನ್ಯೂಜೆರ್ಸಿಯ ಡೆಲ್‌ಬಾರ್ಟನ್ ಶಾಲೆಯವರು. ಆದರೆ ಅಲ್ಲಿ ಅಂಕವೂ ಅಷ್ಟೇ ಬೇಕು, ಪದಕವೂ ಅಷ್ಟೇ ಬೇಕು.

ಕಾಲೇಜನ್ನು ಆರಿಸುವಾಗ ನಾಳೆ ಕುಸ್ತಿ ತಂಡವೇ ಇಲ್ಲವಾದರೂ ಮಗ ಅಲ್ಲಿ ಓದುತ್ತಾನೆಯೇ ಎಂದು ಕೇಳಿಕೊಳ್ಳಿ. ಇದು ಊಹೆಯ ಭಯವಲ್ಲ. ಸ್ಟ್ಯಾನ್‌ಫರ್ಡ್ 2020ರ ಜುಲೈಯಲ್ಲಿ ಹನ್ನೊಂದು ಕ್ರೀಡೆಗಳನ್ನು ನಿಲ್ಲಿಸುವುದಾಗಿ ಪ್ರಕಟಿಸಿತು, ಕುಸ್ತಿಯೂ ಅದರಲ್ಲಿತ್ತು. ಮರುವರ್ಷ ಅಲ್ಲಿನ ಶೇನ್ ಗ್ರಿಫಿತ್, ಇವರೂ ನ್ಯೂಜೆರ್ಸಿಯವರೇ, ಕಾಲೇಜಿನ ಹೆಸರಿಲ್ಲದ ಕಪ್ಪು ಸಿಂಗ್ಲೆಟ್ (ಕುಸ್ತಿ ಉಡುಪು) ತೊಟ್ಟು 165 ಪೌಂಡ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. ಹಳೆಯ ವಿದ್ಯಾರ್ಥಿಗಳ ಹೋರಾಟದಿಂದ 2021ರ ಮೇನಲ್ಲಿ ತಂಡ ಉಳಿಯಿತು. ಎಲ್ಲ ಕಾಲೇಜುಗಳಿಗೂ ಅಂಥ ಹಳೆಯ ವಿದ್ಯಾರ್ಥಿಗಳಿರುವುದಿಲ್ಲ.

ವೀಸಾ ಬಗ್ಗೆ: ಕಾಲೇಜು ತಾನೇ ಕೊಡುವ ಕ್ರೀಡಾ ವೇತನಕ್ಕಾಗಲಿ ಓದಿನ ವೇತನಕ್ಕಾಗಲಿ ಪೌರತ್ವ ಸಾಮಾನ್ಯವಾಗಿ ಅಡ್ಡಿಯಲ್ಲ. ಆದರೆ ಕೇಂದ್ರ ಸರ್ಕಾರದ ನೆರವು ಎಚ್-4 ವಿದ್ಯಾರ್ಥಿಗಳಿಗೆ ದೊರೆಯುವುದಿಲ್ಲ. 2021ರಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯಬಹುದಾದರೂ, ವೀಸಾದಲ್ಲಿರುವವರಿಗೆ ಅದು ಅನಧಿಕೃತ ಉದ್ಯೋಗವೆನಿಸುವ ಅಪಾಯವಿದೆ. ವಲಸೆ ವಕೀಲರನ್ನು ಕೇಳದೆ ಯಾವ ಕಾಗದಕ್ಕೂ ಸಹಿ ಹಾಕಿಸಬೇಡಿ. ಇಪ್ಪತ್ತೊಂದು ತುಂಬಿದಾಗ ಎಚ್-4 ಮುಗಿಯುತ್ತದೆ, ಅಂದರೆ ಕಾಲೇಜಿನ ನಡುವೆಯೇ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಗಬೇಕಾಗಬಹುದು. ಆಗ ಒಳರಾಜ್ಯದ ಶುಲ್ಕ ಮುಂದುವರಿಯುತ್ತದೆಯೇ ಎಂಬುದನ್ನು ಆಯಾ ಕಾಲೇಜಿನಿಂದ ಲಿಖಿತವಾಗಿ ಪಡೆದುಕೊಳ್ಳುವುದು ಒಳಿತು. ಲೀಹೈ ಕಣಿವೆಯವರು ಹೇಳಿದ ಲೆಕ್ಕ ನಿಮ್ಮ ಪಾಲಿಗೆ ಈ ಒಂದು ಉತ್ತರದ ಮೇಲೆ ನಿಂತಿದೆ.

ಕುಸ್ತಿಪಟುವಿನ ತಾಯಿ

ಹುಡುಗರ ವಿಷಯ ಮಾತ್ರ ಬಂದಿರುವುದರಿಂದ, ಇದೇ ಪ್ರಶ್ನೆಯಿರುವ ಹೆಣ್ಣುಮಕ್ಕಳ ತಂದೆ ತಾಯಿಯರಿಗಾಗಿ ಕೆಲವು ಸಾಲುಗಳನ್ನು ಸೇರಿಸುತ್ತೇನೆ. ನ್ಯೂಜೆರ್ಸಿಯಲ್ಲಿ ಹುಡುಗಿಯರಿಗೆ ಪ್ರತ್ಯೇಕ ರಾಜ್ಯ ಪಂದ್ಯಾವಳಿ ಆರಂಭವಾದದ್ದು 2019ರಲ್ಲಿ. ಅಯೋವಾ ವಿಶ್ವವಿದ್ಯಾಲಯ 2021ರಲ್ಲಿ ಮಹಿಳಾ ತಂಡವನ್ನು ಘೋಷಿಸಿತು, 2025ರ ಜನವರಿಯಲ್ಲಿ ಎನ್‌ಸಿಎಎ ಮಹಿಳಾ ಕುಸ್ತಿಯನ್ನು ಚಾಂಪಿಯನ್‌ಶಿಪ್ ಕ್ರೀಡೆಯಾಗಿ ಅಂಗೀಕರಿಸಿತು. ತಂಡಗಳು ಹೊಸದಾಗಿ ಹುಟ್ಟುತ್ತಿವೆ, ಆಡುವ ಹುಡುಗಿಯರು ಇನ್ನೂ ಕಡಿಮೆ. ಹೀಗಾಗಿ ಹುಡುಗನಾಗಿದ್ದರೆ ಯಾರ ಕಣ್ಣಿಗೂ ಬೀಳದಿರಬಹುದಾಗಿದ್ದ ಸಾಧನೆಗೆ ನನ್ನ ಮಗಳಿಗೆ ಕೋಚ್‌ಗಳೇ ಮೊದಲು ಬರೆದರು.

ಗಮನಿಸಬೇಕಾದದ್ದೆಂದರೆ, ಕಾಲೇಜಿನ ಹುಡುಗರು ಆಡುವುದು ಅಮೆರಿಕದ ಫೋಕ್‌ಸ್ಟೈಲ್, ಹುಡುಗಿಯರು ಆಡುವುದು ಒಲಿಂಪಿಕ್ಸ್‌ನ ಫ್ರೀಸ್ಟೈಲ್. ಆದ್ದರಿಂದ ನಾರ್ತ್ ಡಕೋಟದ ಫಾರ್ಗೋದಲ್ಲಿ ಬೇಸಿಗೆಯಲ್ಲಿ ನಡೆಯುವ ರಾಷ್ಟ್ರೀಯ ಫ್ರೀಸ್ಟೈಲ್ ಪಂದ್ಯಾವಳಿಗೆ ಹುಡುಗಿಯರ ಆಯ್ಕೆಯಲ್ಲಿ ಶಾಲೆಯ ಋತುವಿಗಿಂತ ಹೆಚ್ಚಿನ ಮಹತ್ವವಿದೆ ಎಂಬುದು ನಮ್ಮ ಅನುಭವ.

ಕ್ಲಬ್ ಕೋಚ್, ಮನ್ಮತ್ ಕೌಂಟಿ

ಲೀಹೈ ಕಣಿವೆಯವರ ಮೂವತ್ತರ ಲೆಕ್ಕಕ್ಕೆ ನನ್ನ ಬಳಿ ಎದುರು ಮಾತಿಲ್ಲ. ವೇತನವಿಲ್ಲದೆ ಒಳಗೆ ಬರುವ ದಾರಿ ಕಿರಿದಾಗಿರುವುದನ್ನು ನಮ್ಮ ಕ್ಲಬ್ಬಿನಲ್ಲೂ ಕಾಣುತ್ತಿದ್ದೇವೆ. ಉಳಿದಿರುವ ತೂಕದ ಪ್ರಶ್ನೆಗೆ ಬರುತ್ತೇನೆ.

ಹೈಸ್ಕೂಲಿನಲ್ಲಿ 106ರಿಂದ 285ರವರೆಗೆ ಹದಿನಾಲ್ಕು ತೂಕಗಳಿವೆ. ಕಾಲೇಜಿನಲ್ಲಿ ಹತ್ತೇ: 125, 133, 141, 149, 157, 165, 174, 184, 197, 285. ಕೋಚ್ ನಿಮ್ಮ ಮಗನನ್ನು ನೋಡುವಾಗ ಇವತ್ತಿನ 132ನ್ನು ನೋಡುವುದಿಲ್ಲ. ಇಪ್ಪತ್ತನೇ ವಯಸ್ಸಿಗೆ ಇವನ ಮೈ 141ಕ್ಕೆ ನಿಲ್ಲುತ್ತದೆಯೋ 149ಕ್ಕೋ, ಆ ವರ್ಷ ಆ ತೂಕದಲ್ಲಿ ತನ್ನ ತಂಡದಲ್ಲಿ ಯಾರು ಪದವಿ ಮುಗಿಸುತ್ತಾರೆ ಎಂದು ನೋಡುತ್ತಾರೆ. ಹೀಗಾಗಿ ಸಮಾನ ಸಾಮರ್ಥ್ಯದ ಇಬ್ಬರಲ್ಲಿ ಒಬ್ಬನಿಗೆ ಕರೆ ಬಂದು ಇನ್ನೊಬ್ಬನಿಗೆ ಬಾರದಿರುವುದು ಇಲ್ಲಿ ನಿತ್ಯದ ಸಂಗತಿ. ಪತ್ರ ಬರೆಯುವ ಮುನ್ನ ಆ ಕಾಲೇಜಿನ ತಂಡದ ಪಟ್ಟಿಯನ್ನು ತೆರೆದು, 133, 141, 149ರಲ್ಲಿ ಯಾರ್ಯಾರು ಯಾವ ವರ್ಷದಲ್ಲಿದ್ದಾರೆ ಎಂದು ನೋಡಿಕೊಳ್ಳಿ. ಎಲ್ಲಿ ಜಾಗ ತೆರವಾಗುತ್ತದೆಯೋ ಅಲ್ಲಿಗೆ ಮೊದಲು ಬರೆಯಲಿ. ಪತ್ರದಲ್ಲಿ ಎತ್ತರ, ಈಗಿನ ತೂಕ, ಋತು ಇಲ್ಲದಾಗಿನ ತೂಕ ಮೂರನ್ನೂ ಪ್ರಾಮಾಣಿಕವಾಗಿ ಬರೆಯಲಿ. ಬೆಳೆಯುವ ಮೈಯನ್ನು ಹಸಿವಿನಿಂದ 132ಕ್ಕೆ ಕಟ್ಟಿಹಾಕುವುದು ಆರೋಗ್ಯಕ್ಕೂ ಕೆಟ್ಟದ್ದು, ಆಯ್ಕೆಗೂ ಕೆಟ್ಟದ್ದು.

ವಿಡಿಯೊ ವಿಷಯದಲ್ಲಿ ಬಹುತೇಕ ಪೋಷಕರು ಹಾಡು ಹಾಕಿ ಟೇಕ್‌ಡೌನ್‌ಗಳನ್ನೂ (ಎದುರಾಳಿಯನ್ನು ಕೆಡಹುವುದು) ಪಿನ್‌ಗಳನ್ನೂ (ಚಿತ್ ಮಾಡುವುದು) ಪೋಣಿಸಿ ಕಳಿಸುತ್ತಾರೆ. ಅದನ್ನು ಕೋಚ್‌ಗಳು ಅರ್ಧ ನಿಮಿಷವೂ ನೋಡುವುದಿಲ್ಲ. ಎರಡು ಮೂರು ಪೂರ್ಣ ಪಂದ್ಯಗಳನ್ನು ಕಳಿಸಿ, ಅದರಲ್ಲಿ ಒಂದು ಬಲಿಷ್ಠ ಎದುರಾಳಿಗೆ ಕಡಿಮೆ ಅಂತರದಲ್ಲಿ ಸೋತದ್ದಾಗಿರಲಿ. ಹೈಸ್ಕೂಲ್ ಪಂದ್ಯ ಆರು ನಿಮಿಷ, ಕಾಲೇಜಿನದು ಏಳು. ಮೇಲಾಗಿ ಕಾಲೇಜಿನಲ್ಲಿ ಎದುರಾಳಿಯನ್ನು ಒಟ್ಟು ಒಂದು ನಿಮಿಷ ಹೆಚ್ಚು ಕಾಲ ಕೆಳಗೆ ಹಿಡಿದಿಟ್ಟವನಿಗೆ ಒಂದು ಅಂಕ ಸಿಗುತ್ತದೆ, ಹೈಸ್ಕೂಲಿನಲ್ಲಿ ಆ ನಿಯಮವಿಲ್ಲ. ಹಾಗಾಗಿ ಕೋಚ್‌ಗಳು ಮೊದಲು ಹುಡುಕುವುದು ಕೆಳಗೆ ಸಿಕ್ಕಿಕೊಂಡ ಹುಡುಗ ಎಷ್ಟು ಬೇಗ ಏಳುತ್ತಾನೆ ಎಂಬುದನ್ನು. ನಿಂತು ಆಡುವುದರಲ್ಲಿ ಚುರುಕಾಗಿದ್ದು ಕೆಳಗೆ ಬಿದ್ದೊಡನೆ ಕಲ್ಲಾಗುವ ಹುಡುಗರನ್ನು ಅವರು ಬೇಕಾದಷ್ಟು ಕಂಡಿರುತ್ತಾರೆ.

ಡಿವಿಷನ್ 1 ಅಥವಾ 2ರ ಆಸೆ ಸ್ವಲ್ಪವಾದರೂ ಇದ್ದರೆ ಎನ್‌ಸಿಎಎ ಅರ್ಹತಾ ಕೇಂದ್ರದಲ್ಲಿ ಈಗಲೇ ಹೆಸರು ನೋಂದಾಯಿಸಿ. ಡಿವಿಷನ್ 1ಕ್ಕೆ ಹದಿನಾರು ಮೂಲ ವಿಷಯಗಳು ಬೇಕು, ಅವುಗಳಲ್ಲಿ ಹತ್ತು ಹನ್ನೆರಡನೇ ತರಗತಿಗೆ ಮೊದಲೇ ಮುಗಿದಿರಬೇಕು, ಸರಾಸರಿ (4ಕ್ಕೆ) 2.3 ಇರಬೇಕು, ಎಸ್‌ಎಟಿ ಅಂಕ ಈಗ ಅರ್ಹತೆಗೆ ಬೇಕಿಲ್ಲ, ಕಾಲೇಜು ತನ್ನ ಪ್ರವೇಶಕ್ಕೆ ಕೇಳಬಹುದು ಅಷ್ಟೆ. ನಿಮ್ಮ ಮಗನಿಗೆ ಇದು ಕಷ್ಟವಾಗದು. ಮುಂದಿನ ಅಕ್ಟೋಬರ್‌ನಲ್ಲಿ ನಾರ್ತ್ ಕ್ಯಾರೊಲಿನಾದ ಗ್ರೀನ್ಸ್‌ಬರೋದಲ್ಲಿ ನಡೆಯುವ ಸೂಪರ್ 32 ಪಂದ್ಯಾವಳಿಗೆ ಕಳಿಸಬೇಕೇ ಎಂದು ಕೆಲವರು ಕೇಳುತ್ತಾರೆ. ಅಲ್ಲಿ ಎಲ್ಲ ಕೋಚ್‌ಗಳೂ ಇರುತ್ತಾರೆ, ಹಾಗೆಯೇ ದೇಶದ ಅತ್ಯುತ್ತಮ ಹುಡುಗರೂ ಇರುತ್ತಾರೆ. ಸ್ಟೀವೆನ್ಸ್‌ನಂಥ ಕಾಲೇಜುಗಳನ್ನು ಗುರಿಯಾಗಿಸಿಕೊಂಡವನಿಗೆ ಆ ಖರ್ಚಿಗಿಂತ, ಆ ಕಾಲೇಜಿನ ಕೋಚ್‌ಗೆ ಮೊದಲೇ ಬರೆದು ದಿನ ಗೊತ್ತುಮಾಡಿಕೊಂಡು ತಂಡದ ಅಭ್ಯಾಸ ನೋಡಲು ಹೋಗಿಬರುವುದು ಹೆಚ್ಚು ಉಪಯುಕ್ತ ಎಂದು ನನ್ನ ಭಾವನೆ. ಆ ದಿನ ಮಾತುಕತೆಯನ್ನು ಮಗನಿಗೆ ಬಿಟ್ಟು, ನೀವು ಗ್ಯಾಲರಿಯಲ್ಲಿ ಕುಳಿತಿರಿ.